ಪದಚರ್ಚೆ: ಡಿಸ್ಕಿನ ‘ಪ್ಯಾರಿಟಿ’ಗೆ ಸಮತೆಯೋ, ಸರಿಬೆಸವೋ, ತಾಳೆಯೋ?

ಗೆಳೆಯರೇ,

ಮಡಿಕೇರಿ ಹತ್ತಿರ ಕಾಫಿ, ಕರಿಮೆಣಸು ಕೊಳ್ಳುವ ಒಂದು ಕಚೇರಿಯ ಡೇಟಾಬೇಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ಸರ್ವರ್ ಬದಲಾಯಿಸುವ ಸಮಯ ಬಂದಿದೆ. ಯಾವ ಡಿಸ್ಕು, ಯಾವ ರೇಡ್ (RAID, ಹಲವು ಡಿಸ್ಕುಗಳನ್ನು ಒಂದಾಗಿ ಸೇರಿಸಿ ಬಳಸುವ ವಿಧಾನ) ಎಂಬುದನ್ನು ಲೆಕ್ಕ ಬರೆಯುವವರೂ ಓದಿ ಒಪ್ಪಬೇಕು ಅಂತ ಕನ್ನಡದಲ್ಲೇ ನಾಲ್ಕು ಪುಟದ ಟಿಪ್ಪಣಿ ಬರೆಯಲು ಕೂತೆ. ಡಿಸ್ಕ್, ಸರ್ವರ್, ಬ್ಯಾಕಪ್ ಹಾಗೇ ಇರಲಿ, ಅವು ಈಗ ನಮ್ಮ ಮಾತೇ. ತೊಡಕಾದದ್ದು ರೇಡ್‌ನ ಮೂರು ಪದಗಳಲ್ಲಿ: ಮಿರರ್ (ಒಂದೇ ಮಾಹಿತಿಯನ್ನು ಎರಡು ಡಿಸ್ಕಿನಲ್ಲೂ ಬರೆಯುವುದು), ಸ್ಟ್ರೈಪ್ (ಮಾಹಿತಿಯನ್ನು ತುಂಡು ಮಾಡಿ ಹಲವು ಡಿಸ್ಕಿಗೆ ಹಂಚುವುದು), ಪ್ಯಾರಿಟಿ (ಕೆಟ್ಟ ಡಿಸ್ಕಿನ ಮಾಹಿತಿಯನ್ನು ಮರಳಿ ಪಡೆಯಲು ಬರೆದಿಡುವ ಹೆಚ್ಚುವರಿ ಲೆಕ್ಕ).

ಮಿರರ್‌ಗೆ ಮೊದಲು ‘ನಕಲು’ ಎಂದು ಬರೆದಿದ್ದೆ. ಕರಡು ಓದಿದ ನಮ್ಮ ಹಿರಿಯ ಗುಮಾಸ್ತರು ಕೇಳಿದರು: “ನಕಲು ಇದ್ದೇ ಇದೆಯಲ್ಲ, ಮತ್ತೆ ಶನಿವಾರ ಶನಿವಾರ ಹೊರಗಿನ ಡಿಸ್ಕಿಗೆ ಯಾಕೆ ಇಳಿಸಬೇಕು?” ತಪ್ಪು ಅವರದಲ್ಲ, ನಾನು ಆರಿಸಿದ ಪದದ್ದು. ನಕಲು ಅಂದರೆ ಬೇರೆ ಕಡೆ ತೆಗೆದಿಟ್ಟ ಪ್ರತಿ, ಅಸಲು ಹೋದರೂ ಅದು ಉಳಿಯುತ್ತದೆ ಎಂಬ ಭರವಸೆ ಆ ಪದದಲ್ಲೇ ಇದೆ. ಮಿರರ್ ಮಾಡುವ ರೇಡ್ 1ರಲ್ಲಿ ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ನಿಜ. ಆದರೆ ಯಾರೋ ಕೈತಪ್ಪಿ ಒಂದು ತಿಂಗಳ ಲೆಕ್ಕ ಅಳಿಸಿದರೆ ಅದೇ ಕ್ಷಣ ಎರಡರಲ್ಲೂ ಹೋಗುತ್ತದೆ. ಈಗ ‘ಕನ್ನಡಿ’ ಎಂದು ತಿದ್ದಿದ್ದೇನೆ. ಹಣೆಯ ಕುಂಕುಮ ಅಳಿಸಿಕೊಂಡರೆ ಕನ್ನಡಿಯೊಳಗಿನ ಹಣೆಯಲ್ಲೂ ಇರುವುದಿಲ್ಲವಷ್ಟೆ. ಗುಮಾಸ್ತರಿಗೆ ಇಷ್ಟು ಹೇಳಿದ್ದೇ ಸಾಕಾಯಿತು.

ಸ್ಟ್ರೈಪ್‌ಗೆ ‘ಪಟ್ಟೆ’ ಸರಿಯಾದೀತು, ಆದರೆ ಅವಸರದಲ್ಲಿ ಓದುವವರು ‘ಪಟ್ಟಿ’ ಎಂದುಕೊಳ್ಳುತ್ತಾರೆ. ನಾನು ‘ಹಂಚಿ ಬರೆಯುವುದು’ ಎಂದು ಬಿಡಿಸಿಯೇ ಬರೆದೆ.

ನಿಜವಾದ ಪ್ರಶ್ನೆ ಪ್ಯಾರಿಟಿಯದು. ‘ಸಮತೆ’ ಎಂಬ ಅನುವಾದವಿದೆ. ಮೂಲ ಲ್ಯಾಟಿನ್ ಪದಕ್ಕೆ ಸಮ ಎಂಬ ಅರ್ಥವಿರುವುದರಿಂದ ಅದು ಬಂದಿರಬೇಕು. ಆದರೆ ಡಿಸ್ಕಿನಲ್ಲಿ ಯಾವುದೂ ಯಾವುದಕ್ಕೂ ಸಮವಾಗಿಲ್ಲ. ‘ಸಮತೆಯ ಮಾಹಿತಿ’ ಎಂದು ಓದಿದವರು ಎಲ್ಲ ಡಿಸ್ಕಿಗೂ ಸಮನಾಗಿ ಹಂಚಿದ್ದಾರೆ ಎಂದುಕೊಂಡರು.

ಅಲ್ಲಿ ನಡೆಯುವುದೇನೆಂದರೆ, ಮೂರು ಡಿಸ್ಕಿನಲ್ಲಿ ಒಂದೊಂದು ಬಿಟ್ (0 ಅಥವಾ 1) ಇದೆ ಎಂದುಕೊಳ್ಳಿ: 1, 0, 1. ಒಂದುಗಳು ಎರಡಿವೆ, ಸರಿಸಂಖ್ಯೆ. ಹಾಗಾಗಿ ನಾಲ್ಕನೆಯ ಡಿಸ್ಕಿನಲ್ಲಿ 0 ಬರೆಯುತ್ತಾರೆ. ಬೆಸ ಆಗಿದ್ದರೆ 1. ನಡುವಿನ ಡಿಸ್ಕು ಕೆಟ್ಟರೆ ಉಳಿದ 1, 1 ಮತ್ತು ಈ 0 ನೋಡಿ ಹೋದದ್ದು 0 ಎಂದು ಹೇಳಬಹುದು. ಹಾಗೆ ನೋಡಿದರೆ ‘ಸರಿಬೆಸ’ ಎಂಬ ನಮ್ಮದೇ ಪದ ಅಚ್ಚುಕಟ್ಟಾಗಿ ಹೊಂದುತ್ತದೆ. ಗಣಿತಕ್ಕೆ ಇದಕ್ಕಿಂತ ನಿಖರವಾದ ಪದ ಬೇಕಿಲ್ಲ.

ಆದರೂ ನನ್ನ ಮನಸ್ಸು ‘ತಾಳೆ’ಯ ಕಡೆಗಿದೆ. ಕಾರಣ ನಮ್ಮ ತೂಕದ ಚೀಟಿ. ಮೂರು ಚೀಲ ಕಾಫಿ ಚೆರ್ರಿ: 52, 49, 51, ಕೆಳಗೆ ಒಟ್ಟು 152. ಜೀಪಿನಿಂದ ಇಳಿಯುವಾಗ ಮಳೆಹನಿ ಬಿದ್ದು ನಡುವಿನ ಅಂಕಿ ಶಾಯಿಯ ಮಚ್ಚೆಯಾಗಿರುತ್ತದೆ. ಯಾರೂ ಗಾಬರಿಯಾಗುವುದಿಲ್ಲ. 152ರಲ್ಲಿ 103 ಕಳೆದು 49 ಎಂದು ಬರೆದುಕೊಂಡು ‘ತಾಳೆಯಾಯಿತು’ ಅನ್ನುತ್ತಾರೆ. ಎರಡು ಅಂಕಿ ಅಳಿಸಿದ್ದರೆ ಮಾತ್ರ ಮರಳಿ ಸಿಗುವುದಿಲ್ಲ, ಇಂಥ ಒಂದೇ ತಾಳೆ ಇರುವ ರೇಡ್ 5ರಲ್ಲಿ ಎರಡನೆಯ ಡಿಸ್ಕು ಹೋದಂತೆ. ರೇಡ್ 6ರಲ್ಲಿ ಬೇರೆ ಲೆಕ್ಕದ ಎರಡನೆಯ ತಾಳೆ ಇರುವುದರಿಂದ ಯಾವ ಎರಡು ಹೋದರೂ ತಡೆದುಕೊಳ್ಳುತ್ತದೆ.

ಈ ಚೀಟಿ ಇನ್ನೊಂದನ್ನೂ ಹೇಳಿಕೊಡುತ್ತದೆ, ನನಗೆ ಮುಖ್ಯವಾದದ್ದು ಅದೇ. ಕೊನೆಯ ಚೀಲ ಮತ್ತೆ ತೂಗಿದಾಗ 51ರ ಬದಲು 50 ಬಂತು. ಹಳೆಯ 51 ನೋಡಬೇಕು, ಹಳೆಯ 152 ನೋಡಬೇಕು, 50 ಬರೆಯಬೇಕು, 151 ಬರೆಯಬೇಕು. ಒಂದು ತಿದ್ದುಪಡಿಗೆ ನಾಲ್ಕು ಕೆಲಸ. ರೇಡ್ 5ರಲ್ಲಿ ಪ್ರತಿ ಸಣ್ಣ ಬರವಣಿಗೆಗೂ ಡಿಸ್ಕುಗಳಿಗೆ ಇದೇ ನಾಲ್ಕು ಕೆಲಸ, ರೇಡ್ 6ರಲ್ಲಿ ಆರು. ಕನ್ನಡಿ ಜೋಡಿಗಳ ಮೇಲೆ ಹಂಚಿ ಬರೆಯುವ ರೇಡ್ 10ರಲ್ಲಿ ಎರಡೇ. ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ನಮ್ಮ ಡೇಟಾಬೇಸಿಗೆ ಬರುವುದೆಲ್ಲ ಇಂಥ ಸಣ್ಣ ಬರವಣಿಗೆಯೇ: ಒಂದು ತೂಕ, ಒಂದು ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಕಾಫಿ ಬೀಜದ ಪ್ರಮಾಣ), ಒಂದು ರಸೀದಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಒಂದು ಸುತ್ತಿಗೇ 8 ಮಿಲಿಸೆಕೆಂಡ್ ದಾಟುತ್ತದೆ. ನಾಲ್ಕು ಕೆಲಸ ಸಾಲುಗಟ್ಟಿದರೆ ಕೌಂಟರಿನಲ್ಲಿ ಜನವೂ ಸಾಲುಗಟ್ಟುತ್ತಾರೆ. ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕಿಗೆ ರೇಡ್ 5ರಲ್ಲಿ 12 ಸಿಗುತ್ತದೆ, ರೇಡ್ 10ರಲ್ಲಿ 8. ಆ 4 ಟೆರಾಬೈಟ್ ಕೊಟ್ಟು ವೇಗ ಕೊಂಡುಕೊಳ್ಳೋಣ ಎಂದೇ ನಾನು ಬರೆದಿದ್ದೇನೆ. ಬರೆಯುವ ಕ್ಯಾಶ್‌ಗೆ (ಡಿಸ್ಕಿಗೆ ಹೋಗುವ ಮೊದಲು ಮಾಹಿತಿ ತಂಗುವ ಜಾಗ) ಬ್ಯಾಟರಿ ಇರುವ ಕಂಟ್ರೋಲರ್ (ಡಿಸ್ಕುಗಳನ್ನು ನಡೆಸುವ ಕಾರ್ಡು) ಬೇಕೆಂದೂ ಸೇರಿಸಿದ್ದೇನೆ. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿಯುವ ಊರಿದು. ಡಿಸ್ಕಿಗೆ ಮುಟ್ಟುವ ಮೊದಲೇ ‘ಬರೆದಾಯಿತು’ ಎಂದುಬಿಡುವ ಕ್ಯಾಶ್ ಕರೆಂಟು ಹೋದರೆ ಮಾತಿಗೆ ತಪ್ಪುತ್ತದೆ.

‘ತಾಳೆ’ಗೆ ಒಂದು ಆಕ್ಷೇಪ ನನಗೇ ಇದೆ. ತಾಳೆ ನೋಡುವುದೆಂದರೆ ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು. ಹೋದದ್ದನ್ನು ಮರಳಿ ಪಡೆಯುವ ಅರ್ಥ ಅದರಲ್ಲಿ ನೇರವಾಗಿ ಇಲ್ಲ. ಚೆಕ್‌ಸಮ್‌ಗೂ (ಮಾಹಿತಿ ಕೆಟ್ಟಿದೆಯೇ ಎಂದು ನೋಡುವ ಲೆಕ್ಕ) ಅದೇ ಪದ ಬೇಕಾಗಬಹುದು, ಆಗ ಎರಡೂ ಕಲಸಿಹೋಗುತ್ತವೆ.

ಪದ ಬದಲಾಯಿಸಲು ಹಿಂಜರಿಯಬೇಕಿಲ್ಲ ಎಂಬುದಕ್ಕೆ ರೇಡ್ ಎಂಬ ಹೆಸರೇ ಸಾಕ್ಷಿ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ತಮ್ಮ ಪ್ರಬಂಧದಲ್ಲಿ ಅದನ್ನು ಬಳಸಿದಾಗ RAIDನ ‘ಐ’ (I) ಅಕ್ಷರಕ್ಕೆ ‘ಅಗ್ಗದ’ (inexpensive) ಎಂಬ ಅರ್ಥವಿತ್ತು. ಮುಂದೆ ಅದೇ ಅಕ್ಷರಕ್ಕೆ ‘ಸ್ವತಂತ್ರ’ (independent) ಎಂಬ ಅರ್ಥ ರೂಢಿಗೆ ಬಂತು.

ಹಾಗಾಗಿ ನನ್ನ ಕೋರಿಕೆ ಎರಡು. ಟಿಪ್ಪಣಿಯಲ್ಲಿ ‘ಸರಿಬೆಸ’ ಇಡಲೋ, ‘ತಾಳೆ ಅಂಕಿ’ ಇಡಲೋ, ನಿಮ್ಮ ಅಭಿಪ್ರಾಯ ತಿಳಿಸಿ. ಇನ್ನೊಂದು, ಅಳಿಸಿಹೋದ ಅಂಕಿಯನ್ನು ಒಟ್ಟು ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆಯುವುದಕ್ಕೆ ನಿಮ್ಮ ಕಡೆಯ ಮಂಡಿಗಳಲ್ಲಿ, ಅಂಗಡಿ ಖಾತೆಗಳಲ್ಲಿ ಬೇರೆ ಮಾತು ಇದೆಯೇ? ಇದ್ದರೆ ಅದನ್ನೇ ತೆಗೆದುಕೊಳ್ಳುವ ಆಸೆ.