ಮುಳ್ಳಯ್ಯನಗಿರಿ ರೈಡ್ ವಿಡಿಯೊ ಯೂಟ್ಯೂಬ್‌ನಲ್ಲಿ ಮಸುಕಾಗಿದೆ, ಯಾಕೆ?

ಪ್ರಶ್ನೆ: ನಮಸ್ಕಾರ ಸರ್, ನಾನು ಚಿಕ್ಕಮಗಳೂರಿನವನು. ಹೋದ ಭಾನುವಾರ ಮುಳ್ಳಯ್ಯನಗಿರಿಗೆ ಬೈಕ್‌ನಲ್ಲಿ ಹೋಗಿದ್ದೆವು. ಹೆಲ್ಮೆಟ್‌ಗೆ ಗೋಪ್ರೊ ಹಾಕಿ 4ಕೆ, ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಶೂಟ್ ಮಾಡಿದೆ. ಕಾರ್ಡಿನಿಂದ ನೇರ ನೋಡಿದರೆ ಒಂದೊಂದು ಹುಲ್ಲಿನೆಸಳೂ ಕಾಣುತ್ತದೆ. ಕ್ಲಿಪ್‌ಗಳನ್ನು ವಾಟ್ಸಾಪ್‌ನಲ್ಲಿ ತಮ್ಮನಿಗೆ ಕಳಿಸಿದೆ, ಅವನು ಮೊಬೈಲಿನಲ್ಲೇ ಕಟ್ ಮಾಡಿ, ಇನ್ನೊಂದು ಆ್ಯಪ್‌ನಲ್ಲಿ ಹಾಡು ಸೇರಿಸಿ 1080ಪಿಗೆ ಎಕ್ಸ್‌ಪೋರ್ಟ್ ಮಾಡಿದ. ಯೂಟ್ಯೂಬ್‌ಗೆ ಹಾಕಿದ ಮೇಲೆ ಗುಡ್ಡಕ್ಕೆ ಹಸಿರು ಪೇಂಟ್ ಬಳಿದ ಹಾಗಿದೆ. ಕ್ಯಾಮೆರಾ ಸೆಟ್ಟಿಂಗ್ ತಪ್ಪಾ?

ಉತ್ತರ: ಕ್ಯಾಮೆರಾದ್ದೇನೂ ತಪ್ಪಿಲ್ಲ. ಒಂದೇ ವಿಡಿಯೊ ನಾಲ್ಕು ಸಲ ಕಂಪ್ರೆಸ್ ಆಗಿದೆ: ವಾಟ್ಸಾಪ್, ಕಟ್ಟಿಂಗ್, ಹಾಡು, ಯೂಟ್ಯೂಬ್. ಪ್ರತಿ ಸಲವೂ ಚಿತ್ರದ ವಿವರ ಸ್ವಲ್ಪ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ನಾನು ಹಾಸನದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವನು. ಛತ್ರದಲ್ಲಿ ಹಿಂದಿನ ಗೋಡೆ ಅಲುಗಾಡುವುದಿಲ್ಲ, ಕಡಿಮೆ ಬಿಟ್‌ರೇಟ್ (ಒಂದು ಸೆಕೆಂಡ್ ವಿಡಿಯೊಗೆ ಕೊಡುವ ಡೇಟಾ) ಕೊಟ್ಟರೂ ನಡೆಯುತ್ತದೆ. ನಿಮ್ಮ ಗಿರಿ ರಸ್ತೆ ಹಾಗಲ್ಲ, ಬೈಕ್ ಓಡುತ್ತಿರುವಾಗ ಹುಲ್ಲು, ಎಲೆ, ಜಲ್ಲಿ ಎಲ್ಲ ಪ್ರತಿ ಫ್ರೇಮ್‌ನಲ್ಲೂ ಜಾಗ ಬದಲಿಸುತ್ತವೆ, ಬಿಟ್‌ರೇಟ್ ಸಾಲದಿದ್ದರೆ ಮೊದಲು ಕಲಸಿಹೋಗುವುದು ಆ ಹುಲ್ಲೇ.

ಕಾರ್ಡಿನಿಂದ ಕಾರ್ಡ್ ರೀಡರ್‌ನಲ್ಲೇ ಕಾಪಿ ಮಾಡಿ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ನಿಮಿಷಕ್ಕೆ ಸುಮಾರು 750 ಎಂಬಿ, ಹಾರ್ಡ್ ಡಿಸ್ಕ್‌ನಲ್ಲಿ ಜಾಗ ನೋಡಿಕೊಳ್ಳಿ. ಕಟ್ಟಿಂಗ್, ಹಾಡು, ಬಣ್ಣ ಎಲ್ಲ ಒಂದೇ ಸಾಫ್ಟ್‌ವೇರ್‌ನಲ್ಲಿ ಮುಗಿಸಿ, ಒಂದೇ ಸಲ ಎಕ್ಸ್‌ಪೋರ್ಟ್ ಮಾಡಿ. ಎಡಿಟಿಂಗ್ ಟೈಮ್‌ಲೈನ್ ಸೆಕೆಂಡಿಗೆ 60 ಫ್ರೇಮ್‌ಗೆ ಇಡಿ, ಇಲ್ಲವೇ ಸರಿಯಾಗಿ ಅರ್ಧ 30ಕ್ಕೆ. 24ಕ್ಕೆ ಇಟ್ಟರೆ ತಿರುವುಗಳಲ್ಲಿ ಜರ್ಕ್ ಹೊಡೆಯುತ್ತದೆ. 4ಕೆಯಲ್ಲಿ ತೆಗೆದದ್ದನ್ನು 4ಕೆಯಲ್ಲೇ ಅಪ್‌ಲೋಡ್ ಮಾಡಿ. 4ಕೆ 60ಕ್ಕೆ ಯೂಟ್ಯೂಬ್‌ನವರೇ 53ರಿಂದ 68 ಮೆಗಾಬಿಟ್ ಕೊಡಿ ಅನ್ನುತ್ತಾರೆ, ನಾನಾದರೆ ಕಾಡು, ಘಾಟಿ ಇರುವ ವಿಡಿಯೊಗೆ 80 ಇಡುತ್ತೇನೆ.

ಪ್ರಶ್ನೆ: ಥ್ಯಾಂಕ್ಸ್ ಸರ್. ಮೇಲೆ ಮಂಜು ಇತ್ತು, ಅದರಲ್ಲಿ ಪಟ್ಟೆ ಪಟ್ಟೆ ಬಂದಿದೆ. ಅದೂ ಇದೇ ಕಾರಣಕ್ಕಾ?

ಉತ್ತರ: ಅರ್ಧ ಅದೇ. ಇನ್ನರ್ಧ, ತಮ್ಮ ಕಾಂಟ್ರಾಸ್ಟ್ ಜಾಸ್ತಿ ಎಳೆದಿರಬೇಕು. 8 ಬಿಟ್ ವಿಡಿಯೊದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಅಷ್ಟೇ. ಮಂಜು ಅದರಲ್ಲಿ ಕೆಲವೇ ಮೆಟ್ಟಿಲುಗಳಲ್ಲಿ ಕೂತಿರುತ್ತದೆ, ಎಳೆದರೆ ನಡುವಿನ ಅಂತರ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾದಲ್ಲಿ 10 ಬಿಟ್ ಇದ್ದರೆ ಮುಂದಿನ ಸಲ ಆನ್ ಮಾಡಿ. ಈಗಿನದ್ದಕ್ಕೆ ಬಣ್ಣ ಹಗುರವಾಗಿ ಮುಟ್ಟಿದರೆ ಸಾಕು, ಗಿರಿಯ ಮಂಜು ಬೆಳ್ಳಗೆ, ಮಸುಕಾಗಿ ಇದ್ದರೇ ಚಂದ ಅಲ್ವಾ. ಅಂದಹಾಗೆ, ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿಲ್ಲ ತಾನೇ?

ಪ್ರಶ್ನೆ: ಇಲ್ಲ ಸರ್, ಹಾಗೇ ಇದೆ. ಇವತ್ತು ರಾತ್ರಿಯೇ ಕಾಪಿ ಮಾಡಿಕೊಳ್ಳುತ್ತೇನೆ.