ಆಗುಂಬೆ ಘಾಟಿಯನ್ನು ಸೈಕಲ್ಲಿನಲ್ಲಿ ಏರಿ ಮೇಲೆ ಚಾರಣ: ಒಂದೇ ಪ್ರವಾಸದಲ್ಲಿ ಎರಡೂ ಸಾಧ್ಯವೇ?

ಕಡಲತಡಿಯ ಸವಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯ ಮೂವರು ಗೆಳೆಯರು. ಮಲ್ಪೆ, ಕಾಪು, ಕಾರ್ಕಳದ ಕಡೆಗೆ ಸೈಕಲ್ ತುಳಿದು ಅಭ್ಯಾಸವಿದೆಯಾದರೂ ಘಾಟಿ ಏರಿದ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ. ಈ ಬಾರಿ ಹೆಬ್ರಿ, ಸೋಮೇಶ್ವರದ ಮೂಲಕ ಆಗುಂಬೆ ಘಾಟಿಯನ್ನು ಏರಿ, ಸೈಕಲ್ಲುಗಳನ್ನು ಮೇಲೆ ಎಲ್ಲಾದರೂ ಇರಿಸಿ, ಅಲ್ಲಿಂದ ನರಸಿಂಹ ಪರ್ವತಕ್ಕೆ ಕಾಡಿನ ದಾರಿಯಲ್ಲಿ ನಡೆದು ಹೋಗಿ, ಮರುದಿನ ಸಂಜೆಯೊಳಗೆ ಊರು ಸೇರಬೇಕೆಂಬ ಯೋಚನೆ ಮಾಡಿದ್ದೇವೆ.

ನಮ್ಮ ಅನುಮಾನಗಳು ಹೀಗಿವೆ. ಯಾವ ತಿಂಗಳು ಸೂಕ್ತ? ಇಬ್ಬರ ಬಳಿ ಗೇರಿನ ಸೈಕಲ್ಲುಗಳಿದ್ದು, ಮೂರನೆಯವರದು ಗೇರಿಲ್ಲದ ಹಳೆಯ ಸೈಕಲ್ಲು. ಅದರಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಏರಲು ಆದೀತೇ? ಕಾಡಿನೊಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿಯನ್ನು ಎಲ್ಲಿ ಪಡೆಯಬೇಕು? ಇಳಿಯುವಾಗ ದಣಿವಾದರೆ ಸೈಕಲ್ಲುಗಳನ್ನು ಬಸ್ಸಿಗೆ ಹಾಕಿಕೊಂಡು ಬರಬಹುದೇ?

ಮೇಗರವಳ್ಳಿ ಹುಡುಗ:

ಮೊದಲು ಘಾಟಿಯ ವಿಚಾರ. ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ. ದೂರವಿದ್ದು, ಅದರಲ್ಲಿ ಹೆಚ್ಚಿನ ಪಾಲು ತಗ್ಗುದಿಣ್ಣೆಯ ಸಾಧಾರಣ ರಸ್ತೆಯೇ ಆಗಿದೆ. ನಿಜವಾದ ಏರು ಸೋಮೇಶ್ವರದ ತನಿಖಾ ಠಾಣೆಯ ನಂತರ ಆರಂಭವಾಗುತ್ತದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವುದರಿಂದ, ಆ ಕೊನೆಯ ಹತ್ತು ಕಿ.ಮೀ. ಆಸುಪಾಸಿನಲ್ಲಿಯೇ ಐನೂರು ಮೀಟರಿನಷ್ಟು ಮೇಲೇರಬೇಕಾಗುತ್ತದೆ. ಸರಾಸರಿಯಾಗಿ ಇದು ಭಯಪಡುವಂಥ ಏರಲ್ಲ, ಆದರೆ ತಿರುವುಗಳ ಒಳಅಂಚಿನಲ್ಲಿ ಮಾತ್ರ ರಸ್ತೆ ಇದ್ದಕ್ಕಿದ್ದಂತೆ ಕಡಿದಾಗಿಬಿಡುತ್ತದೆ. ಏರುವವರು ಎಡಬದಿಯಲ್ಲಿರುವುದರಿಂದ ಎಡಕ್ಕೆ ತಿರುಗುವ ಪ್ರತಿಯೊಂದು ತಿರುವೂ ನಿಮಗೆ ಕಠಿಣವಾಗಿಯೂ ಬಲಕ್ಕೆ ತಿರುಗುವುದು ಸುಲಭವಾಗಿಯೂ ಇರುತ್ತದೆ. ಎಡ ತಿರುವು ಬರುವ ಮೊದಲೇ ಗೇರು ಇಳಿಸಿಕೊಂಡಿರಬೇಕು, ತಿರುವಿನ ನಡುವೆ ಇಳಿಸಲು ಹೋದರೆ ಚೈನು ಕಳಚುವ ಸಾಧ್ಯತೆಯೇ ಹೆಚ್ಚು. ಹಿಂದಿನ ಚಕ್ರದ ದೊಡ್ಡ ಹಲ್ಲುಗಾಲಿಯಲ್ಲಿ 32 ಅಥವಾ ಅದಕ್ಕಿಂತ ಹೆಚ್ಚು ಹಲ್ಲುಗಳಿದ್ದರೆ ಹೊಸಬರೂ ನಿಧಾನವಾಗಿ ಏರಬಹುದು. ಗೇರಿಲ್ಲದ ಸೈಕಲ್ಲಿನವರು ಕೆಲವು ಕಡೆ ಇಳಿದು ತಳ್ಳಲೇಬೇಕಾಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ.

ಹೊತ್ತಿನ ವಿಷಯವೇ ಇಲ್ಲಿ ಮುಖ್ಯ. ಘಾಟಿಯ ಮುಖ ಪಶ್ಚಿಮಕ್ಕಿರುವುದರಿಂದ ಬೆಳಿಗ್ಗೆ ರಸ್ತೆಯ ಬಹುಭಾಗ ಬೆಟ್ಟದ ನೆರಳಿನಲ್ಲಿರುತ್ತದೆ. ಅದೇ ರಸ್ತೆಯನ್ನು ಮಧ್ಯಾಹ್ನದ ನಂತರ ಏರಿದರೆ ಕರಾವಳಿಯ ಸೆಕೆಯ ಜೊತೆಗೆ ಇಳಿಬಿಸಿಲೂ ನೇರವಾಗಿ ಬೆನ್ನಿಗೆ ಬಡಿಯುತ್ತದೆ. ಮೇಲಾಗಿ ಸಂಜೆ ಸೂರ್ಯಾಸ್ತ ನೋಡಲು ಬರುವವರ ಕಾರುಗಳು ವೀಕ್ಷಣಾ ಸ್ಥಳದ ಬಳಿ ರಸ್ತೆಯ ಅಂಚಿನಲ್ಲೇ ನಿಂತಿರುತ್ತವೆ, ಮತ್ತು ಸೂರ್ಯ ಮುಳುಗಿದ ಕೂಡಲೇ ಅವೆಲ್ಲ ಒಟ್ಟಿಗೆ ಹೊರಡುತ್ತವೆ. ಬೆಳಗಿನ ಜಾವ ಉಡುಪಿಯಿಂದ ಹೊರಟರೆ ಬಿಸಿಲು ಏರುವ ಮೊದಲು ಸೋಮೇಶ್ವರ ತಲುಪಬಹುದು. ಅದು ಕಷ್ಟವೆನಿಸಿದರೆ ಹಿಂದಿನ ರಾತ್ರಿ ಹೆಬ್ರಿಯಲ್ಲೇ ಉಳಿದುಕೊಳ್ಳಿ.

ಬಸ್ಸನ್ನು ನಂಬಿಕೊಂಡು ಯೋಜನೆ ಹಾಕಬೇಡಿ. ಭಾರಿ ವಾಹನಗಳಿಗೆ ಈ ಘಾಟಿಯಲ್ಲಿ ನಿರ್ಬಂಧವಿದೆ. ಓಡುವುದು ಮಿನಿ ಬಸ್ಸುಗಳು. ಅವುಗಳಲ್ಲಿ ಜನರಿಗೇ ಸ್ಥಳ ಸಾಲದಿರುವಾಗ ಮೂರು ಸೈಕಲ್ಲುಗಳನ್ನು ಹೇರಿಕೊಳ್ಳಲು ಯಾವ ನಿರ್ವಾಹಕರೂ ಒಪ್ಪುವುದಿಲ್ಲ. ತೀರಾ ಅಗತ್ಯ ಬಿದ್ದರೆ ಆಗುಂಬೆಯಲ್ಲಿ ಬಾಡಿಗೆಯ ಸಣ್ಣ ಗೂಡ್ಸ್ ವಾಹನ ವಿಚಾರಿಸುವುದೇ ಸರಿ.

ಇನ್ನೊಂದು ಮಾತು: ತಿರುವುಗಳಲ್ಲಿ ಕುಳಿತಿರುವ ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆದು ಅಭ್ಯಾಸ ಮಾಡಿಸಿರುವುದರಿಂದ ಅವು ಸೈಕಲ್ಲಿಗೆ ಕಟ್ಟಿದ ಚೀಲಕ್ಕೂ ಕೈ ಹಾಕುತ್ತವೆ. ತಿಂಡಿಯನ್ನು ಹೊರಗೆ ಕಾಣುವಂತೆ ಇಟ್ಟುಕೊಳ್ಳಬೇಡಿ. ಕಾಳಿಂಗ ಸರ್ಪದ ಬಗ್ಗೆ ಇಲ್ಲಿಗೆ ಬರುವವರೆಲ್ಲ ಕೇಳುತ್ತಾರೆ. ಹಾವುಗಳ ತಜ್ಞ ರಾಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ನಂತರ ಊರಿಗೆ ಆ ಹೆಸರು ಅಂಟಿಕೊಂಡಿದೆ. ಆದರೆ ಅದು ಮುಖ್ಯವಾಗಿ ಇತರ ಹಾವುಗಳನ್ನು ತಿಂದು ಬದುಕುವ, ಮನುಷ್ಯರಿಂದ ದೂರ ಸರಿಯುವ ಹಾವು. ಘಾಟಿಯಲ್ಲಿ ನನಗೆ ಕೋತಿ ಮತ್ತು ಕಾರುಗಳ ಭಯವೇ ಹೆಚ್ಚು.

ಶೃಂಗೇರಿ ದಾರಿಹೋಕ:

ಮೇಲಿನವರು ಘಾಟಿಯ ಬಗ್ಗೆ ಹೇಳಿದ್ದೆಲ್ಲವೂ ಸರಿಯಾಗಿದೆ. ಆದರೆ ಪ್ರಶ್ನೆ ಕೇಳಿದವರ ಚಾರಣದ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಆಗುಂಬೆಯ ಕಡೆಯಿಂದ ನರಸಿಂಹ ಪರ್ವತಕ್ಕೆ ಹೋಗುವ ದಾರಿ ದೀರ್ಘವಾದದ್ದು, ದಟ್ಟ ಕಾಡಿನೊಳಗಿನದು. ಮೊದಲ ದಿನ ಘಾಟಿ ಏರಿ ದಣಿದ ಕಾಲುಗಳಲ್ಲಿ ಮರುದಿನ ಅದನ್ನು ನಡೆದು, ಮತ್ತೆ ಹಿಂದಿರುಗಿ, ಸಂಜೆಯೊಳಗೆ ಉಡುಪಿ ಸೇರುವುದು ಕಾಗದದ ಮೇಲೆ ಮಾತ್ರ ಸಾಧ್ಯ. 1152 ಮೀಟರ್ ಎತ್ತರದ ಆ ಪರ್ವತವನ್ನು ಕಿಗ್ಗದ ಕಡೆಯಿಂದ ಏರಿದರೆ ದೂರ ಕಡಿಮೆ. ಕಿಗ್ಗ ಶೃಂಗೇರಿಯಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿದೆ, ಋಷ್ಯಶೃಂಗೇಶ್ವರ ದೇವಸ್ಥಾನವಿರುವ ಊರು ಅದು, ಮಳೆಗಾಗಿ ಪ್ರಾರ್ಥಿಸಲು ಈಗಲೂ ದೂರದ ಊರುಗಳಿಂದ ಜನ ಅಲ್ಲಿಗೆ ಬರುತ್ತಾರೆ.

ಈ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಅನುಮತಿಯನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ದಿನಕ್ಕೆ ಇಷ್ಟೇ ಜನರೆಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರಗಳ ಚೀಟಿಗಳು ಬೇಗ ಮುಗಿದುಹೋಗುತ್ತವೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದಲೂ ಮಳೆಗಾಲದಲ್ಲಿ ಜಾರುವ ದಾರಿಯ ಕಾರಣದಿಂದಲೂ ಚಾರಣವನ್ನು ನಿಲ್ಲಿಸುವುದುಂಟು, ಆದ್ದರಿಂದ ದಿನ ಗೊತ್ತುಮಾಡುವ ಮೊದಲೇ ನೋಡಿಕೊಳ್ಳಿ. ಅನುಮತಿ ಸಿಗುವುದು ನಡಿಗೆಗೆ ಮಾತ್ರ. ಸೈಕಲ್ಲನ್ನು ಕಾಡಿನ ಕಾಲುದಾರಿಗೆ ಇಳಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ನನ್ನ ಸಲಹೆ ಇಷ್ಟು: ಎರಡು ದಿನದ ಬದಲು ಮೂರು ದಿನ ಇಟ್ಟುಕೊಳ್ಳಿ. ಮೊದಲ ದಿನ ಘಾಟಿ ಏರಿ, ಆಗುಂಬೆಯಲ್ಲಿ ಊಟ ಮಾಡಿ, ಶೃಂಗೇರಿಯವರೆಗೆ ಸೈಕಲ್ಲಿನಲ್ಲೇ ಬನ್ನಿ. ಆ ಮೂವತ್ತು ಕಿ.ಮೀ. ಆಸುಪಾಸಿನ ರಸ್ತೆ ಅಡಿಕೆ ತೋಟಗಳ ನಡುವೆ ಏರುತ್ತ ಇಳಿಯುತ್ತ ಸಾಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಸೈಕಲ್ಲಿಗೆ ಹೇಳಿಮಾಡಿಸಿದ ಭಾಗ ಅದೇ. ಎರಡನೆಯ ದಿನ ಸೈಕಲ್ಲುಗಳನ್ನು ವಸತಿಗೃಹದಲ್ಲೇ ಬೀಗ ಹಾಕಿ ಬಿಟ್ಟು ಕಿಗ್ಗಕ್ಕೆ ಹೋಗಿ ಬೆಟ್ಟ ಏರಿ. ಹೊತ್ತು ಉಳಿದರೆ ಸಿರಿಮನೆ ಜಲಪಾತವೂ ಅಲ್ಲೇ ಹತ್ತಿರದಲ್ಲಿದೆ. ಮೂರನೆಯ ದಿನ ಬಂದ ದಾರಿಯಲ್ಲೇ ಇಳಿಯಿರಿ, ಇಲ್ಲವೇ ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಮಾಳದ ಮೂಲಕ ಕಾರ್ಕಳಕ್ಕೆ ಇಳಿಯಿರಿ. ಎರಡನೆಯ ದಾರಿ ರಾಷ್ಟ್ರೀಯ ಉದ್ಯಾನದ ನಡುವೆ ಹೋಗುವುದರಿಂದ ಅದನ್ನು ಹಗಲಿನಲ್ಲೇ ದಾಟಬೇಕು, ನಡುವೆ ಅಂಗಡಿ ಮುಂಗಟ್ಟುಗಳು ವಿರಳ.

ಮೂರು ದಿನ ಬಿಡುವಿಲ್ಲವೆಂದರೆ ನರಸಿಂಹ ಪರ್ವತವನ್ನು ಕೈಬಿಟ್ಟು ಕುಂದಾದ್ರಿಗೆ ಹೋಗಿ. ಆಗುಂಬೆಯಿಂದ ತೀರ್ಥಹಳ್ಳಿಯ ದಾರಿಯಲ್ಲಿ ಗುಡ್ಡೇಕೇರಿಯ ಬಳಿ ತಿರುಗಿದರೆ ಬೆಟ್ಟದ ಬುಡದವರೆಗೂ ಸೈಕಲ್ಲಿನಲ್ಲಿ ಹೋಗಬಹುದು. ಮೇಲೆ ಪಾರ್ಶ್ವನಾಥ ಬಸದಿ, ಬಂಡೆಯ ನಡುವಿನ ಕೊಳ, ಸುತ್ತಲೂ ಕಾಡು. ವಾಹನದ ರಸ್ತೆಯೇ ಮೇಲಿನವರೆಗೆ ಇದ್ದರೂ ಅದು ಘಾಟಿಗಿಂತ ಬಹಳ ಕಡಿದು, ಆದ್ದರಿಂದ ನಡೆದೇ ಏರಿ.

ಕಡಲತಡಿಯ ಸವಾರ:

ಇಬ್ಬರಿಗೂ ಧನ್ಯವಾದಗಳು. ಮೂರು ದಿನದ ಯೋಜನೆಯೇ ನಮಗೆ ಒಪ್ಪಿಗೆಯಾಗಿದೆ. ಗೇರಿಲ್ಲದ ಸೈಕಲ್ಲಿನ ಗೆಳೆಯರು ತಳ್ಳಲು ಸಿದ್ಧರಿದ್ದಾರೆ, ನಾವಿಬ್ಬರು ಮೇಲೆ ಕಾಯಲು ಸಿದ್ಧರಿದ್ದೇವೆ. ತಿಂಗಳ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಒಬ್ಬರು ನವೆಂಬರ್ ಎನ್ನುತ್ತಾರೆ. ಇನ್ನೊಬ್ಬರು ಇಂಬಳಗಳಿಗೆ ಹೆದರಿ ಫೆಬ್ರವರಿಯೇ ಆಗಲೆಂದು ಪಟ್ಟು ಹಿಡಿದಿದ್ದಾರೆ.

ಕೊಪ್ಪದ ಆರೋಗ್ಯ ಸಹಾಯಕಿ:

ಇಂಬಳಕ್ಕೆ ಹೆದರಿ ಫೆಬ್ರವರಿ ಆರಿಸಿಕೊಳ್ಳುವುದು ಜಾಣತನವಲ್ಲ. ಇಂಬಳ ರಕ್ತ ಹೀರುತ್ತದೆ, ಗಾಯ ತುಸು ಹೊತ್ತು ಒಸರುತ್ತದೆ, ಅಷ್ಟೇ. ಉದ್ದ ಕಾಲುಚೀಲದ ಮೇಲೆ ಸುಣ್ಣ ಅಥವಾ ಹೊಗೆಸೊಪ್ಪಿನ ಪುಡಿ ಸವರಿಕೊಂಡರೆ ಬಹುಪಾಲು ತಪ್ಪಿಸಬಹುದು, ಹತ್ತಿದ್ದನ್ನು ಉಪ್ಪು ಹಾಕಿ ಬಿಡಿಸಬಹುದು. ಆದರೆ ಒಣಗಿದ ತರಗೆಲೆಯ ಮೇಲೆ ಓಡಾಡುವ ಉಣುಗು ಹರಡುವ ಮಂಗನ ಕಾಯಿಲೆಯನ್ನು ಹಾಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಇದರ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಜನವರಿಯ ನಂತರ ಪ್ರಕರಣಗಳು ಏರುತ್ತವೆ. ಆ ಹೊತ್ತಿಗೆ ಮರಿ ಉಣುಗುಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿರುವುದರಿಂದ ಕಚ್ಚಿದ್ದು ತಿಳಿಯುವುದೂ ಇಲ್ಲ.

ಮಳೆ ಪೂರ್ತಿ ಹಿಂದೆ ಸರಿದ ನವೆಂಬರ್ ತಿಂಗಳನ್ನೇ ಇಟ್ಟುಕೊಳ್ಳಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗುಡ್ಡ ಕುಸಿದು ಘಾಟಿಯೇ ಮುಚ್ಚುವುದುಂಟು, ಆ ತಿಂಗಳುಗಳನ್ನು ಹೇಗೂ ಬಿಡಬೇಕು. ಅನಿವಾರ್ಯವಾಗಿ ಡಿಸೆಂಬರಿನ ನಂತರ ಬರುವುದಾದರೆ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗುಗಳನ್ನು ದೂರವಿಡುವ ಡೆಪಾ ತೈಲ ಸಿಗುತ್ತದೆಯೇ ವಿಚಾರಿಸಿ, ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಇಳಿಯಿರಿ, ತರಗೆಲೆಯ ಮೇಲೆ ಕುಳಿತು ವಿಶ್ರಮಿಸಬೇಡಿ, ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಪ್ರವಾಸದ ನಂತರದ ಒಂದೆರಡು ವಾರಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ನೀವಾಗಿಯೇ ಹೇಳಬೇಕು. ಉಡುಪಿಯಲ್ಲಿ ಕುಳಿತ ವೈದ್ಯರಿಗೆ ಅದು ತಾನಾಗಿ ಹೊಳೆಯಬೇಕೆಂದೇನೂ ಇಲ್ಲ.

ಮೇಗರವಳ್ಳಿ ಹುಡುಗ:

ಇಳಿಯುವ ಬಗ್ಗೆ ಯಾರೂ ಬರೆಯದ ಕಾರಣ ಇಷ್ಟು ಸೇರಿಸುತ್ತೇನೆ. ಏರುವಾಗ ಕಾಲು ಸೋಲುತ್ತದೆ, ಇಳಿಯುವಾಗ ಬೆರಳು ಸೋಲುತ್ತದೆ. ಹದಿನಾಲ್ಕು ತಿರುವುಗಳುದ್ದಕ್ಕೂ ಬ್ರೇಕನ್ನು ಹಿಡಿದೇ ಇದ್ದರೆ ಚಕ್ರದ ರಿಮ್ ಕಾಯುತ್ತದೆ, ರಬ್ಬರ್ ಸವೆಯುತ್ತದೆ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲಿಯೇ ಎರಡೂ ಬ್ರೇಕುಗಳನ್ನು ಬಳಸಿ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಸಡಿಲಿಸಿ, ನಡುವೆ ಒಂದೆರಡು ಕಡೆ ನಿಂತು ರಿಮ್ ತಣಿಯಲು ಬಿಡಿ. ಹಳೆಯ ಸೈಕಲ್ಲಿಗೆ ಹೊರಡುವ ಮೊದಲೇ ಹೊಸ ಬ್ರೇಕ್ ರಬ್ಬರ್ ಹಾಕಿಸಿಕೊಳ್ಳಿ. ನವೆಂಬರಿನಲ್ಲೂ ಬಿಸಿಲು ಬೀಳದ ತಿರುವುಗಳ ಅಂಚಿನಲ್ಲಿ ಪಾಚಿ ಉಳಿದಿರುತ್ತದೆ, ಅಲ್ಲಿ ಚಕ್ರ ಇಡಬೇಡಿ. ಮಾಳದ ಕಡೆಯಿಂದ ಇಳಿದರೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅಲ್ಲಿ ಭಾರಿ ವಾಹನಗಳೂ ಎದುರಾಗುತ್ತವೆ. ಆಗುಂಬೆಯಿಂದಲೇ ಇಳಿಯುವುದಾದರೆ ಶೃಂಗೇರಿಯನ್ನು ಮುಂಜಾನೆಯೇ ಬಿಟ್ಟು, ಪ್ರವಾಸಿಗರ ವಾಹನಗಳು ಹೆಚ್ಚುವ ಮೊದಲು ಸೋಮೇಶ್ವರ ದಾಟಿಬಿಡಿ. ಮಧ್ಯಾಹ್ನದ ಊಟಕ್ಕೆ ಹೆಬ್ರಿ ಪೇಟೆ ಸಿಗುತ್ತದೆ.