ಸಹಾಯ ಬೇಕು: 29 ವಾರಕ್ಕ ಹುಟ್ಟಿದ ಕೂಸು, ಸ್ಕ್ಯಾನ್‌ನಾಗ ಪಿವಿಎಲ್

ಎಲ್ಲಾರಿಗೂ ನಮಸ್ಕಾರರೀ. ನಮ್ಮದು ಬಾಗಲಕೋಟೆ ಜಿಲ್ಲೆ, ಮುಧೋಳ ಕಡೆ. ನನ್ನ ತಂಗಿ ಮಗಳು 29 ವಾರಕ್ಕ ಹುಟ್ಟ್ಯಾಳ. ಈಗ 9 ತಿಂಗಳು, ಮೊದಲ ಬಂದ 11 ವಾರ ಕಳೆದ್ರ ಆರೂವರೆ ತಿಂಗಳ ಲೆಕ್ಕ. (ಮನ್ಯಾಗಿನ ಹಿರಿಯಾರಿಗೆ ಈ ಲೆಕ್ಕ ತಿಳಿಸೋದ ದೊಡ್ಡ ಕೆಲಸ ಆಗೇತಿ.)

ಎನ್‌ಐಸಿಯುದಾಗ (ಹಸುಗೂಸುಗಳ ಐಸಿಯು) ಇದ್ದಾಗ ನೆತ್ತಿ ಮ್ಯಾಲಿಂದ ಮಾಡಿದ ಸ್ಕ್ಯಾನ್‌ನಾಗ ಸಿಸ್ಟಿಕ್ ಪಿವಿಎಲ್, ಅಂದ್ರ ಮಿದುಳಿನ ಬಿಳಿ ಭಾಗದಾಗ ಸಣ್ಣ ಗುಳ್ಳಿ, ಕಂಡಾವ. ಎಂಆರ್‌ಐನಾಗೂ ಅದ ಬಂತು. ಕಾಲು ಬಿಗಿ ಅದಾವ. ಆದ್ರ ಆಟಿಗಿ ಹಿಡೀತಾಳ, ದನಿ ಕೇಳಿದ್ರ ನಗ್ತಾಳ. ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲು ಆಡಿಸೋದಕ್ಕ ಬರೋ ತೊಂದರೆ) ಆಗೋ ಸಾಧ್ಯತೆ ಹೆಚ್ಚು, ಅದರಾಗೂ ಕಾಲಿಗೆ, ಆದ್ರ ಬುದ್ಧಿ, ಮಾತು ಹೆಂಗ ಬರ್ತಾವ ಅಂತ ಬರೇ ಸ್ಕ್ಯಾನ್ ನೋಡಿ ಹೇಳಾಕ ಬರಂಗಿಲ್ಲ ಅಂದಾರ ಡಾಕ್ಟರ್.

ಇಂಥಾ ರಿಪೋರ್ಟ್ ಇದ್ದ ಮಕ್ಕಳು ಈಗ ಐದು, ಎಂಟು, ಹತ್ತು ವರ್ಷದವರಾಗಿದ್ರ ತಂದಿ-ತಾಯಿ ದಯವಿಟ್ಟು ಬರೀರಿ. ಯಾವಾಗ ಕುಂತ್ರು, ನಡದ್ರು? ಸಾಲ್ಯಾಗ ಓದು, ಲೆಕ್ಕ ಹೆಂಗ? ಆರ್‌ಒಪಿ (ಕಣ್ಣಿನ ಪರದೆಯದು), ಬೇರಾ (ಕಿವಿ ಕೇಳೋದು) ಎರಡೂ ಪರೀಕ್ಷೆ ಸರಿ ಬಂದಾವ, ಆದ್ರೂ ಮುಂದ ದೃಷ್ಟಿಗೆ ತೊಂದರೆ ಆತೇನು? ಜಿಲ್ಲಾ ಆಸ್ಪತ್ರೆಯ ಡಿಇಐಸಿಯಾಗ (ಮಕ್ಕಳ ಬೆಳವಣಿಗಿ ತೊಂದರೆಗೆ ಬೇಗ ಚಿಕಿತ್ಸೆ ಕೊಡೋ ಕೇಂದ್ರ) ಫಿಸಿಯೋಥೆರಪಿ ಮಾಡಿಸಿದವರು ವಾರಕ್ಕ ಎಷ್ಟು ಸಲ ಹೋಗಬೇಕು ಅಂತನೂ ಹೇಳ್ರಿ.

ನಾಟಿ ಔಷಧ ಮಾತ್ರ ಬ್ಯಾಡ್ರಿ, ಅದನ್ನ ಹೇಳಾಕ ಓಣ್ಯಾಗ ಮಂದಿ ಭಾಳ ಅದಾರ.